ಅನ್ನಾ ಮಣಿ

ಅನ್ನಾ ಮೊಡಯಿಲ್ ಮಣಿ (23 ಆಗಸ್ಟ್ 1918 – 16 ಆಗಸ್ಟ್ 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ವಿಜ್ಞಾನಿ. ವಾಯುಭಾರ, ಉಷ್ಣತೆ, ಆರ್ದ್ರತೆ, ಗಾಳಿಯ ವೇಗ, ಸೌರ ವಿಕಿರಣ, ಓಜೋನ್ ಮೊದಲಾದವುಗಳನ್ನು ಅಳೆಯುವ ಉಪಕರಣಗಳು ಭಾರತದಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಅವರು ಪ್ರಮುಖರು. ದೇಶದ ಬೇರೆ ಬೇರೆ ಕೇಂದ್ರಗಳ ಅಳತೆಗಳು ಪರಸ್ಪರ ತಾಳೆಯಾಗಬೇಕೆಂಬ ಶಿಸ್ತನ್ನು ಬೆಳೆಸಿದವರಲ್ಲಿಯೂ ಅವರ ಹೆಸರು ಮುಖ್ಯವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಿಂದ ಸಂಶೋಧನೆ ಆರಂಭಿಸಿದ ಅವರು ಭಾರತ ಹವಾಮಾನ ಇಲಾಖೆಯ ಉಪಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು. ಆನಂತರ ಬೆಂಗಳೂರನ್ನೇ ಕೇಂದ್ರವಾಗಿಟ್ಟುಕೊಂಡು ಸೌರಶಕ್ತಿ ಮತ್ತು ಪವನಶಕ್ತಿಯ ಅಳತೆಯ ಕಾರ್ಯದಲ್ಲಿ ತೊಡಗಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸು ಎಂಬುದು ಅವರ ವೃತ್ತಿಜೀವನದ ಉದ್ದಕ್ಕೂ ಉಳಿದ ನಿಲುವಾಗಿತ್ತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅನ್ನಾ ಮಣಿಯವರು ಅಂದಿನ ತಿರುವಾಂಕೂರು ಸಂಸ್ಥಾನದ, ಇಂದಿನ ಕೇರಳದ ಪೀರುಮೇಡಿನಲ್ಲಿ ಸಿರಿಯನ್ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಎಂಟು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಸಿವಿಲ್ ಎಂಜಿನಿಯರ್ ಆಗಿದ್ದರು; ಕುಟುಂಬಕ್ಕೆ ಏಲಕ್ಕಿ ತೋಟಗಳಿದ್ದವು. ಆ ಕಾಲದ ಅನುಕೂಲಸ್ಥ ಮನೆಗಳಂತೆ ಅಲ್ಲಿಯೂ ಗಂಡುಮಕ್ಕಳನ್ನು ಉನ್ನತ ಉದ್ಯೋಗಕ್ಕೂ ಹೆಣ್ಣುಮಕ್ಕಳನ್ನು ವಿವಾಹಕ್ಕೂ ಸಿದ್ಧಪಡಿಸುವುದು ವಾಡಿಕೆಯಾಗಿತ್ತು. ಎಂಟನೆಯ ಹುಟ್ಟುಹಬ್ಬದಂದು ಮನೆಯ ಸಂಪ್ರದಾಯದಂತೆ ವಜ್ರದ ಓಲೆಗಳನ್ನು ಕೊಡಲು ಬಂದಾಗ ಬಾಲಕಿ ಅವುಗಳನ್ನು ಒಲ್ಲೆನೆಂದು, ಅವುಗಳ ಬದಲಿಗೆ ಎನ್‌ಸೈಕ್ಲೋಪೀಡಿಯ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿ ಪಡೆದಳು. ಆ ವಯಸ್ಸಿಗಾಗಲೇ ಊರಿನ ಸಾರ್ವಜನಿಕ ಗ್ರಂಥಾಲಯದ ಮಲಯಾಳ ಪುಸ್ತಕಗಳಲ್ಲಿ ಹೆಚ್ಚಿನವನ್ನು ಓದಿ ಮುಗಿಸಿದ್ದಳು.

1925ರಲ್ಲಿ ಅಸ್ಪೃಶ್ಯತೆಯ ವಿರುದ್ಧದ ಸತ್ಯಾಗ್ರಹದ ಸಂದರ್ಭದಲ್ಲಿ ಗಾಂಧೀಜಿ ವೈಕಂಗೆ ಬಂದರು. ಆ ಚಳವಳಿಯ ಪ್ರಭಾವ ಅನ್ನಾ ಅವರ ಮೇಲೆ ಗಾಢವಾಗಿ ಬಿದ್ದಿತು. ಮುಂದೆ ಅವರು ಖಾದಿಯನ್ನೇ ಉಡತೊಡಗಿದರು. ದೇಶಕ್ಕೆ ಬೇಕಾದುದನ್ನು ದೇಶದಲ್ಲಿಯೇ ತಯಾರಿಸಿಕೊಳ್ಳಬೇಕೆಂಬ ಅವರ ನಂತರದ ಆಗ್ರಹದ ಬೇರು ಈ ಸ್ವದೇಶಿ ಭಾವನೆಯಲ್ಲಿತ್ತು. ಮೊದಲು ವೈದ್ಯಕೀಯ ಓದಬೇಕೆಂದಿದ್ದರೂ, ಚೆನ್ನಾಗಿ ಬರುತ್ತಿದ್ದ ಭೌತಶಾಸ್ತ್ರವನ್ನೇ ಆಯ್ದುಕೊಂಡು 1939ರಲ್ಲಿ ಮದ್ರಾಸಿನಲ್ಲಿ ಆನರ್ಸ್ ಪದವಿ ಪಡೆದರು.

ಬೆಂಗಳೂರಿನಲ್ಲಿ ವಜ್ರಗಳ ಅಧ್ಯಯನ

1940ರಲ್ಲಿ ವಿದ್ಯಾರ್ಥಿವೇತನ ಪಡೆದು ಅನ್ನಾ ಮಣಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ವಿ. ರಾಮನ್ ಆಗ ವಜ್ರದ ರಚನೆ ಮತ್ತು ಗುಣಗಳ ಬಗೆಗೆ ವಿಶೇಷ ಆಸಕ್ತಿ ತಳೆದಿದ್ದರು. ಅನ್ನಾ ಅವರಿಗೆ ವಹಿಸಿದ ವಿಷಯ ವಜ್ರ ಮತ್ತು ಮಾಣಿಕ್ಯಗಳ ರೋಹಿತ ಅಧ್ಯಯನ. ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ, ಹೀರಿಕೆ ಮತ್ತು ರಾಮನ್ ರೋಹಿತಗಳನ್ನು ಅವರು ದಾಖಲಿಸಿದರು. ಉಷ್ಣತೆ ಬದಲಾದಾಗ ಅವು ಹೇಗೆ ಬದಲಾಗುತ್ತವೆ ಎಂಬುದನ್ನೂ ಪರೀಕ್ಷಿಸಿದರು.

ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕಾಗಿತ್ತು. ವಜ್ರವನ್ನು ದ್ರವೀಕೃತ ಗಾಳಿಯ ಉಷ್ಣತೆಯವರೆಗೆ ತಂಪುಗೊಳಿಸಿ, ಅದರಿಂದ ಹೊಮ್ಮುವ ಮಂದ ಬೆಳಕನ್ನು ಛಾಯಾಫಲಕದ ಮೇಲೆ 15ರಿಂದ 20 ಗಂಟೆಗಳ ಕಾಲ ಬೀಳಿಸಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲಿಯೇ ಕಳೆದರು. 1942ರಿಂದ 1945ರ ನಡುವೆ ಏಕ ಲೇಖಕಿಯಾಗಿ ಐದು ಸಂಶೋಧನ ಪ್ರಬಂಧಗಳನ್ನು ಪ್ರಕಟಿಸಿದರು.

ರಾಮನ್ ಅವರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಗಂಡಸರೂ ಹೆಂಗಸರೂ ಬೆರೆತು ಚರ್ಚಿಸುವುದನ್ನು ರಾಮನ್ ಒಪ್ಪುತ್ತಿರಲಿಲ್ಲ. ಸಹೋದ್ಯೋಗಿಗಳೊಡನೆ ಮಾತನಾಡುತ್ತ ಕಲಿಯುವ ಅವಕಾಶವು ಹೀಗೆ ವಿದ್ಯಾರ್ಥಿನಿಯರಿಗೆ ಬಹುಮಟ್ಟಿಗೆ ತಪ್ಪಿಹೋಗುತ್ತಿತ್ತು.

ದೊರೆಯದ ಡಾಕ್ಟರೇಟ್

1945ರ ಆಗಸ್ಟ್‌ನಲ್ಲಿ ಅನ್ನಾ ಮಣಿಯವರು ತಮ್ಮ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳ ಪದವಿಗಳನ್ನು ಆಗ ವಿಶ್ವವಿದ್ಯಾಲಯಗಳು ನೀಡುತ್ತಿದ್ದವು. ಅವರ ಬಳಿ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾಲಯವು ಡಾಕ್ಟರೇಟ್ ನೀಡಲು ನಿರಾಕರಿಸಿತು. ಆನರ್ಸ್ ಪದವಿಯ ಆಧಾರದ ಮೇಲೆಯೇ ಸಂಶೋಧನೆಗೆ ವಿದ್ಯಾರ್ಥಿವೇತನ ದೊರೆತಿದ್ದುದಾಗಲಿ, ಐದು ಪ್ರಬಂಧಗಳು ಪ್ರಕಟವಾಗಿದ್ದುದಾಗಲಿ ಗಣನೆಗೆ ಬರಲಿಲ್ಲ. ಆ ಮಹಾಪ್ರಬಂಧವು ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಪದವಿ ಕೈತಪ್ಪಿದುದರಿಂದ ತಮ್ಮ ಕೆಲಸಕ್ಕೆ ಹೆಚ್ಚಿನ ಹಾನಿಯಾಗಲಿಲ್ಲವೆಂದೇ ಅನ್ನಾ ಮಣಿಯವರು ಮುಂದೆ ಹೇಳುತ್ತಿದ್ದರು.

ಇಂಗ್ಲೆಂಡಿನಲ್ಲಿ ತರಬೇತಿ

ಅದೇ ವರ್ಷ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಅವರು ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಇಂಪೀರಿಯಲ್ ಕಾಲೇಜನ್ನು ಸೇರಿದರು. ಭೌತಶಾಸ್ತ್ರದಲ್ಲಿಯೇ ಮುಂದುವರಿಯುವ ಇಚ್ಛೆ ಅವರದಾಗಿತ್ತು. ಆದರೆ ಲಭ್ಯವಿದ್ದ ತರಬೇತಿ ಹವಾಮಾನ ಉಪಕರಣಗಳಿಗೆ ಸಂಬಂಧಿಸಿದುದು ಮಾತ್ರ. ಅನಿವಾರ್ಯವಾಗಿ ಒಪ್ಪಿಕೊಂಡ ಈ ವಿಷಯವೇ ಅವರ ಜೀವನದ ಕಾರ್ಯವಾಯಿತು. ಉಪಕರಣಗಳ ವಿನ್ಯಾಸ, ತಯಾರಿಕೆ, ಪ್ರಮಾಣ ಉಪಕರಣದೊಡನೆ ತಾಳೆ ನೋಡುವ ಕ್ರಮ ಇವುಗಳನ್ನು ಅವರು ಅಲ್ಲಿ ಕಲಿತರು.

ಪುಣೆಯ ಉಪಕರಣ ವಿಭಾಗ

1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿದ ಅನ್ನಾ ಮಣಿಯವರು ಪುಣೆಯಲ್ಲಿ ಭಾರತ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. 1875ರಲ್ಲಿ ಸ್ಥಾಪನೆಯಾದ ಈ ಇಲಾಖೆಯು ಸ್ವಾತಂತ್ರ್ಯದವರೆಗೂ ಉಷ್ಣತಾಮಾಪಕ, ವಾಯುಭಾರಮಾಪಕಗಳಂತಹ ಸರಳ ಉಪಕರಣಗಳಿಗೂ ಬ್ರಿಟನ್ನನ್ನು ಅವಲಂಬಿಸಿತ್ತು. ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಪಿ. ವೆಂಕಟೇಶ್ವರನ್ ಇಲಾಖೆಯಲ್ಲಿಯೇ ಕಾರ್ಯಾಗಾರವೊಂದನ್ನು ಬೆಳೆಸಿ, ಮಳೆಮಾಪಕ, ಗಾಳಿದಿಕ್ಕು ಸೂಚಕ ಮೊದಲಾದವುಗಳನ್ನು ತಯಾರಿಸುವ ಯತ್ನದಲ್ಲಿದ್ದರು. 1953ರಲ್ಲಿ ಆ ಹೊಣೆ ಅನ್ನಾ ಮಣಿಯವರಿಗೆ ಬಂದಿತು. ಆಗ ಅವರ ಕೈಕೆಳಗೆ 121 ಮಂದಿ ಗಂಡಸರು ಕೆಲಸ ಮಾಡುತ್ತಿದ್ದರು.

ಅವರ ಮೇಲ್ವಿಚಾರಣೆಯಲ್ಲಿ ಸುಮಾರು 100 ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳು ಏಕರೂಪಗೊಂಡು ಅವುಗಳ ತಯಾರಿಕೆ ಆರಂಭವಾಯಿತು. ಇದರ ಮಹತ್ವ ಕೇವಲ ವಿದೇಶಿ ವಿನಿಮಯದ ಉಳಿತಾಯದಲ್ಲಿರಲಿಲ್ಲ. ನಕ್ಷೆ ಒಂದೇ ಆಗಿದ್ದರೆ ಒಂದು ಕೇಂದ್ರದ ಉಪಕರಣ ಕೆಟ್ಟಾಗ ಅದರ ಬಿಡಿಭಾಗವನ್ನು ಬದಲಿಸಬಹುದು. ಎರಡು ಕೇಂದ್ರಗಳ ಓದುಗಳನ್ನು ಹೋಲಿಸಲೂಬಹುದು. ಹವಾಮಾನ ಮುನ್ಸೂಚನೆಯು ನಿಂತಿರುವುದು ಇಂತಹ ಹೋಲಿಕೆಯ ಮೇಲೆಯೇ. ಈ ಮಾತು ವಾಯುಭಾರದ ಅಳತೆಯಲ್ಲಿ ವಿಶೇಷವಾಗಿ ಸ್ಪಷ್ಟವಾಗುತ್ತದೆ.

ಹಿನ್ನೆಲೆ: ವಾಯುಭಾರದ ಅಳತೆ

ಒಂದು ಸ್ಥಳದ ಮೇಲೆ ನಿಂತಿರುವ ಗಾಳಿಯ ಕಂಬದ ತೂಕವು ಏಕಮಾನ ವಿಸ್ತೀರ್ಣದ ಮೇಲೆ ಹಾಕುವ ಬಲವೇ ಆ ಸ್ಥಳದ ವಾಯುಭಾರ ಅಥವಾ ವಾಯುಮಂಡಲದ ಒತ್ತಡ. ಸಮುದ್ರ ಮಟ್ಟದಲ್ಲಿ ಇದರ ಪ್ರಮಾಣ ಮೌಲ್ಯ 1013.25 ಹೆಕ್ಟೊಪಾಸ್ಕಲ್, ಅಂದರೆ 760 ಮಿಲಿಮೀಟರ್ ಎತ್ತರದ ಪಾದರಸದ ಕಂಬಕ್ಕೆ ಸಮ. ಪ್ರತಿ ಚದರ ಮೀಟರಿನ ಮೇಲೆ ಸುಮಾರು 10.3 ಟನ್ ಗಾಳಿ ನಿಂತಿದೆ ಎಂದು ಇದರ ಅರ್ಥ. ಇಟಲಿಯ ಟೊರಿಚೆಲ್ಲಿ 17ನೆಯ ಶತಮಾನದ ನಡುಭಾಗದಲ್ಲಿ ಪಾದರಸದ ಕೊಳವೆಯಿಂದ ಈ ಒತ್ತಡವನ್ನು ತೋರಿಸಿಕೊಟ್ಟರು. ಎತ್ತರಕ್ಕೆ ಏರಿದಂತೆ ಅದು ಕಡಿಮೆಯಾಗುತ್ತದೆಂಬುದು 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ಏರ್ಪಡಿಸಿದ ಪರ್ವತ ಪ್ರಯೋಗದಿಂದ ದೃಢಪಟ್ಟಿತು. ಒತ್ತಡದ ಏಕಮಾನಕ್ಕೆ ಪಾಸ್ಕಲ್ ಅವರ ಹೆಸರೇ ಇದೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿನ ವಾಯುಭಾರ ಸಾಮಾನ್ಯವಾಗಿ 910 ಹೆಕ್ಟೊಪಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. ಪಾದರಸದ ಕಂಬ 683 ಮಿಲಿಮೀಟರಿನಷ್ಟು ಮಾತ್ರ ನಿಲ್ಲುತ್ತದೆ. ಇಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದಕ್ಕೆ ಇದೇ ಕಾರಣ. ಈ ಎತ್ತರದಲ್ಲಿ ಪ್ರತಿ 9ರಿಂದ 10 ಮೀಟರ್ ಇಳಿತಕ್ಕೆ ಒತ್ತಡವು 1 ಹೆಕ್ಟೊಪಾಸ್ಕಲ್‌ನಷ್ಟು ಏರುತ್ತದೆ. ಹೀಗಾಗಿ ನಗರದ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಬಸವೇಶ್ವರನಗರಗಳ ದಿಣ್ಣೆಯಿಂದ ವೃಷಭಾವತಿಯ ಕಣಿವೆಗುಂಟ ಕೆಂಗೇರಿಯ ಕಡೆಗೆ ಇಳಿದರೆ, ಹವೆಯಲ್ಲಿ ಯಾವ ಬದಲಾವಣೆ ಇಲ್ಲದಿದ್ದರೂ ವಾಯುಭಾರಮಾಪಕದ ಓದು ಬದಲಾಗುತ್ತದೆ. ಇದೇ ಕಾರಣದಿಂದ ಹವಾಮಾನ ಕೇಂದ್ರವು ತನ್ನ ಉಪಕರಣದ ಎತ್ತರವನ್ನು ನಿಖರವಾಗಿ ತಿಳಿದಿರಬೇಕು. ನಕ್ಷೆಯ ಮೇಲೆ ಮಂಗಳೂರು, ಬೆಂಗಳೂರು, ಮಡಿಕೇರಿಗಳ ಒತ್ತಡವನ್ನು ಹೋಲಿಸುವ ಮುನ್ನ ಎಲ್ಲವನ್ನೂ ಸಮುದ್ರ ಮಟ್ಟಕ್ಕೆ ಲೆಕ್ಕಹಾಕಿ ತರಬೇಕಾಗುತ್ತದೆ.

ಪಾದರಸದ ವಾಯುಭಾರಮಾಪಕದ ಓದನ್ನು ಇದ್ದಂತೆಯೇ ಸ್ವೀಕರಿಸುವಂತಿಲ್ಲ. ಉಷ್ಣತೆ ಹೆಚ್ಚಿದಾಗ ಪಾದರಸವು ಹಿಗ್ಗಿ ಕಂಬ ಎತ್ತರವಾಗುತ್ತದೆ; ಆದ್ದರಿಂದ ಓದನ್ನು 0 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಣೆಯಲ್ಲಿ ಬೆಂಗಳೂರಿನ ಓದಿಗೆ ಈ ತಿದ್ದುಪಡಿಯೊಂದೇ ಸುಮಾರು 3.7 ಹೆಕ್ಟೊಪಾಸ್ಕಲ್ ಆಗುತ್ತದೆ. ಗುರುತ್ವವೂ ಎಲ್ಲೆಡೆ ಒಂದೇ ಸಮನಲ್ಲ. ಪ್ರಮಾಣ ಗುರುತ್ವ 9.80665 ಆದರೆ ಬೆಂಗಳೂರಿನಲ್ಲಿ ಅದು ಸುಮಾರು 9.78; ಇದರಿಂದ ಇನ್ನೂ 2.5 ಹೆಕ್ಟೊಪಾಸ್ಕಲ್‌ನಷ್ಟು ಕಳೆಯಬೇಕು. ಇವುಗಳ ಜೊತೆಗೆ ಪ್ರತಿಯೊಂದು ಉಪಕರಣಕ್ಕೂ ಅದರದೇ ಆದ ದೋಷವಿರುತ್ತದೆ. ಕೊಳವೆಯೊಳಗೆ ಸ್ವಲ್ಪ ಗಾಳಿ ಸೇರಿದರೂ ಕಂಬ ತಗ್ಗುತ್ತದೆ. ಲೋಹದ ಡಬ್ಬಿಯ ಕುಗ್ಗುವಿಕೆಯಿಂದ ಒತ್ತಡ ತೋರಿಸುವ ಅನೆರಾಯ್ಡ್ ಮಾಪಕದಲ್ಲಿ ಪಾದರಸವಿಲ್ಲ. ಆದರೆ ವರ್ಷಗಳು ಕಳೆದಂತೆ ಅದರ ಓದು ಸರಿದುಹೋಗುತ್ತದೆ. ಇದನ್ನು ಕಂಡುಹಿಡಿಯಲು ನಂಬಿಕೆಗೆ ಅರ್ಹವಾದ ಪ್ರಮಾಣ ಉಪಕರಣದೊಡನೆ ಆಗಾಗ ತಾಳೆ ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಇಷ್ಟು ಸಣ್ಣ ಅಂಕಿಗಳಿಗೆ ಏಕೆ ಮಹತ್ವ ಎಂಬುದಕ್ಕೆ ಭಾರತದ ಹವಾಮಾನ ನಕ್ಷೆಯೇ ಉತ್ತರ. ದಕ್ಷಿಣ ಭಾರತದಲ್ಲಿ ವಾಯುಭಾರವು ಪ್ರತಿದಿನ ಬೆಳಿಗ್ಗೆ ಮತ್ತು ರಾತ್ರಿ 10 ಗಂಟೆಯ ಸುಮಾರಿಗೆ ಏರಿ, ಬೆಳಗಿನ ಜಾವ ಹಾಗೂ ಸಂಜೆ 4 ಗಂಟೆಯ ಸುಮಾರಿಗೆ ಇಳಿಯುತ್ತದೆ. ಈ ಏರಿಳಿತ ಕೆಲವೇ ಹೆಕ್ಟೊಪಾಸ್ಕಲ್‌ಗಳಷ್ಟು. ಸಮಭಾರ ರೇಖೆಗಳನ್ನು 2 ಹೆಕ್ಟೊಪಾಸ್ಕಲ್ ಅಂತರದಲ್ಲಿ ಎಳೆಯಲಾಗುತ್ತದೆ; ಬಂಗಾಳ ಕೊಲ್ಲಿಯಲ್ಲಿ ಮೂಡಿದ ಕಡಿಮೆ ಒತ್ತಡದ ಪ್ರದೇಶವು ವಾಯುಭಾರ ಕುಸಿತವಾಗಿ ಬೆಳೆಯಿತೇ ಎಂಬುದನ್ನು ಇಂತಹ ಮುಚ್ಚಿದ ರೇಖೆಗಳ ಎಣಿಕೆಯಿಂದಲೂ ನಿರ್ಧರಿಸುತ್ತಾರೆ. ಕರಾವಳಿಯ ಒಂದು ಕೇಂದ್ರದ ಮಾಪಕವು 2 ಹೆಕ್ಟೊಪಾಸ್ಕಲ್ ತಪ್ಪು ತೋರಿಸಿದರೆ ಇಲ್ಲದ ಕುಸಿತ ನಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು, ಇರುವ ಕುಸಿತ ಮರೆಯಾಗಬಹುದು. ಮೀನುಗಾರರಿಗೆ ಕೊಡುವ ಎಚ್ಚರಿಕೆ ಇದನ್ನು ಅವಲಂಬಿಸಿದೆ. ಅಳತೆಯ ನಿಖರತೆಯ ವಿಷಯದಲ್ಲಿ ಅನ್ನಾ ಮಣಿಯವರು ತಳೆದಿದ್ದ ಕಟ್ಟುನಿಟ್ಟನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಸೌರ ವಿಕಿರಣ ಕೇಂದ್ರಗಳು

1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ಆಚರಿಸಲಾದ ಅಂತಾರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ ಅನ್ನಾ ಮಣಿಯವರು ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಭಾರತದಲ್ಲಿ ಸ್ಥಾಪಿಸಿದರು. ಬಿಸಿಲಿನ ದೇಶವೆಂದು ಹೆಸರಾದ ಭಾರತದಲ್ಲಿ ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಎಷ್ಟು ಬಿಸಿಲು ನೆಲವನ್ನು ತಲುಪುತ್ತದೆ ಎಂಬುದರ ವ್ಯವಸ್ಥಿತ ದಾಖಲೆಗೆ ಇದು ಅಡಿಪಾಯ ಹಾಕಿತು. ಆರಂಭದಲ್ಲಿ ವಿದೇಶಿ ಉಪಕರಣಗಳನ್ನು ಬಳಸಿದರೂ, ಬೇಗನೆ ವಿಕಿರಣ ಮಾಪಕಗಳನ್ನು ದೇಶದಲ್ಲಿಯೇ ವಿನ್ಯಾಸಗೊಳಿಸಿ ತಯಾರಿಸುವ ಕಾರ್ಯವನ್ನು ಅವರು ಕೈಗೆತ್ತಿಕೊಂಡರು.

ಓಜೋನ್ ಮತ್ತು ತುಂಬಾ

ಓಜೋನ್ ಪದರದ ವಿಷಯ ಜಗತ್ತಿನ ಗಮನ ಸೆಳೆಯುವುದಕ್ಕೆ ಬಹಳ ಮೊದಲೇ, 1960ರ ದಶಕದಲ್ಲಿ, ಅವರು ಅದರ ಅಳತೆಯಲ್ಲಿ ಆಸಕ್ತಿ ತಳೆದರು. ಬಲೂನಿಗೆ ಕಟ್ಟಿ ಮೇಲಕ್ಕೆ ಕಳುಹಿಸಿ, ಬೇರೆ ಬೇರೆ ಎತ್ತರಗಳಲ್ಲಿ ಓಜೋನಿನ ಪ್ರಮಾಣವನ್ನು ರೇಡಿಯೋ ಮೂಲಕ ಪಡೆಯುವ ಓಜೋನ್‌ಸೋಂಡ್ ಎಂಬ ಉಪಕರಣವನ್ನು ಅವರ ನೇತೃತ್ವದಲ್ಲಿ ಭಾರತದಲ್ಲಿ ರೂಪಿಸಲಾಯಿತು. ಅಂದು ಇಂತಹ ಉಪಕರಣ ತಯಾರಿಸಬಲ್ಲ ದೇಶಗಳು ಕೆಲವೇ ಆಗಿದ್ದವು. ಅವರು ಅಂತಾರಾಷ್ಟ್ರೀಯ ಓಜೋನ್ ಆಯೋಗದ ಸದಸ್ಯರೂ ಆಗಿದ್ದರು.

ತಿರುವನಂತಪುರದ ಸಮೀಪದ ತುಂಬಾದಲ್ಲಿ 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿತು. ವಿಕ್ರಮ್ ಸಾರಾಭಾಯಿ ಅವರ ಕೋರಿಕೆಯಂತೆ ಆ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸ್ಥಾಪಿಸಿಕೊಟ್ಟವರು ಅನ್ನಾ ಮಣಿ. 1969ರಲ್ಲಿ ಅವರು ಇಲಾಖೆಯ ಉಪಮಹಾನಿರ್ದೇಶಕರಾಗಿ ದೆಹಲಿಗೆ ತೆರಳಿದರು. ವಿಶ್ವ ಹವಾಮಾನ ಸಂಸ್ಥೆಯ ಕಾರ್ಯಗಳಲ್ಲಿ ಪಾಲ್ಗೊಂಡರಲ್ಲದೆ, 1975ರಲ್ಲಿ ಅದರ ಸಲಹೆಗಾರರಾಗಿ ಈಜಿಪ್ಟಿನಲ್ಲಿ ಸೇವೆ ಸಲ್ಲಿಸಿದರು.

ಮತ್ತೆ ಬೆಂಗಳೂರಿಗೆ

1976ರಲ್ಲಿ ನಿವೃತ್ತರಾದ ಮೇಲೆ ಅನ್ನಾ ಮಣಿಯವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಡಾಕ್ಟರೇಟ್ ದೊರೆಯದ ಮಹಾಪ್ರಬಂಧವನ್ನು ಕಾಪಾಡಿಕೊಂಡಿರುವ ಸಂಸ್ಥೆಯಲ್ಲಿಯೇ ಅವರು ಪ್ರಾಧ್ಯಾಪಕರಾದುದು ಗಮನಾರ್ಹ. ದಶಕಗಳ ಕಾಲ ಸಂಗ್ರಹಿಸಿದ ಸೌರ ವಿಕಿರಣದ ಮಾಹಿತಿಯನ್ನು ಅವರು 1980 ಮತ್ತು 1981ರಲ್ಲಿ ಎರಡು ಗ್ರಂಥಗಳಾಗಿ ಹೊರತಂದರು. ಎರಡನೆಯದನ್ನು ಎಸ್. ರಂಗರಾಜನ್ ಅವರೊಡನೆ ಸೇರಿ ರಚಿಸಿದರು. ಸೌರಶಕ್ತಿಯ ಯೋಜನೆಗಳನ್ನು ರೂಪಿಸುವ ಎಂಜಿನಿಯರ್‌ಗಳಿಗೆ ಇವು ಆಧಾರ ಗ್ರಂಥಗಳಾದವು.

ನಂತರ ಅವರು ಪವನಶಕ್ತಿಯ ಸಮೀಕ್ಷೆಯನ್ನು ಕೈಗೊಂಡರು. ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಬೆಂಗಳೂರು ಘಟಕದ ಮೂಲಕ ನಡೆದ ಈ ಕಾರ್ಯದಲ್ಲಿ ದೇಶದ 700ಕ್ಕೂ ಹೆಚ್ಚು ಸ್ಥಳಗಳ ಗಾಳಿಯ ಮಾಹಿತಿಯನ್ನು ಸಂಘಟಿಸಲಾಯಿತು. ಇಲ್ಲಿಯೂ ನಿಖರತೆಯ ಪ್ರಶ್ನೆಯೇ ಮುಖ್ಯವಾಗಿತ್ತು. ಗಾಳಿಯಿಂದ ದೊರೆಯುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗದ ಅಳತೆಯಲ್ಲಿ ಶೇಕಡ 10ರಷ್ಟು ಹೆಚ್ಚು ತೋರಿಸಿದರೆ ಶಕ್ತಿಯ ಅಂದಾಜು ಶೇಕಡ 33ರಷ್ಟು ಹೆಚ್ಚಾಗುತ್ತದೆ. ಅಂತಹ ಅಂದಾಜನ್ನು ನಂಬಿ ಗಾಳಿಯಂತ್ರ ನಿಲ್ಲಿಸಿದರೆ ಹಾಕಿದ ಬಂಡವಾಳ ಮರಳಿ ಬಾರದು. ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರವೊಂದನ್ನೂ ಅವರು ಬೆಂಗಳೂರಿನಲ್ಲಿ ಆರಂಭಿಸಿದರು.

ವ್ಯಕ್ತಿತ್ವ

ಅನ್ನಾ ಮಣಿಯವರು ಅವಿವಾಹಿತರಾಗಿಯೇ ಉಳಿದರು. ಕಾಡುಮೇಡು ಅಲೆಯುವುದು, ಪಕ್ಷಿ ವೀಕ್ಷಣೆ ಮತ್ತು ಓದು ಅವರ ಹವ್ಯಾಸಗಳು. ಮಹಿಳಾ ವಿಜ್ಞಾನಿಯೆಂದು ತಮ್ಮನ್ನು ಪ್ರತ್ಯೇಕವಾಗಿ ಗುರುತಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ; ವಿಜ್ಞಾನಿಯಾಗುವುದರಲ್ಲಿ ಹೆಣ್ಣೆಂಬ ಕಾರಣಕ್ಕೆ ವಿಶೇಷವೇನೂ ಇಲ್ಲವೆಂದು ಅವರು ಭಾವಿಸಿದ್ದರು. ಆದರೆ ಉಪಕರಣವೊಂದನ್ನು ಹೆಂಗಸು ನಿರ್ವಹಿಸುವಾಗ ಆಗುವ ಸಣ್ಣ ತಪ್ಪನ್ನೂ ಅವಳ ಅಸಾಮರ್ಥ್ಯವೆಂದು ಎಣಿಸುವ ಪ್ರವೃತ್ತಿಯನ್ನು ಅವರು ಬೆಂಗಳೂರಿನ ದಿನಗಳಲ್ಲಿಯೇ ಕಂಡಿದ್ದರು.

ಗೌರವ, ನಿಧನ ಮತ್ತು ಸ್ಮರಣೆ

1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವರಿಗೆ ಕೆ. ಆರ್. ರಾಮನಾಥನ್ ಪದಕವನ್ನು ನೀಡಿ ಗೌರವಿಸಿತು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅವರು 2001ರ ಆಗಸ್ಟ್ 16ರಂದು, 83ನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ, ತಿರುವನಂತಪುರದಲ್ಲಿ ನಿಧನರಾದರು. ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ವಿಶ್ವ ಹವಾಮಾನ ಸಂಸ್ಥೆಯು ಅವರನ್ನು ಸ್ಮರಿಸಿತು; 2022ರ ಆಗಸ್ಟ್ 23ರಂದು ಗೂಗಲ್ ತನ್ನ ಮುಖಪುಟದ ಚಿತ್ರದ ಮೂಲಕ ಗೌರವ ಸಲ್ಲಿಸಿತು.

ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾಟಾ ಒಪ್ಪಂದದ ಬಳಿಕ ಪಾದರಸದ ವಾಯುಭಾರಮಾಪಕಗಳು ತೆರೆಮರೆಗೆ ಸರಿಯುತ್ತಿವೆ. ವಿದ್ಯುನ್ಮಾನ ಸಂವೇದಕಗಳು ಅವುಗಳ ಸ್ಥಾನಕ್ಕೆ ಬಂದಿದ್ದು, ಹಲವು ಮೊಬೈಲ್ ಫೋನುಗಳಲ್ಲಿಯೂ ಒತ್ತಡ ಅಳೆಯುವ ಸಂವೇದಕವಿದೆ. ಉಪಕರಣ ಬದಲಾದರೂ ಅದನ್ನು ಪ್ರಮಾಣ ಉಪಕರಣದೊಡನೆ ತಾಳೆ ನೋಡಿದ ಮೇಲಷ್ಟೇ ಅದರ ಅಂಕಿಯನ್ನು ನಂಬಬೇಕೆಂಬ ನಿಯಮ ಬದಲಾಗಿಲ್ಲ.